ಗೇಟಿನ ಡಬ್ಬಿ ಮತ್ತು ಮಹಾನವಮಿಯ ಕೌದಿಗಳು

ಆ ದಿನ ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಎರಡು ಕೊಡ, ಒಂದು ಬಕೆಟ್, ಆಮೇಲೆ ಸ್ನಾನದ ಹಂಡೆ. ಯಾವಾಗಲೂ ಇದೇ ಕ್ರಮ. ಹಾಲು ಕಾಯಿಸಿ ಚಹಾಕ್ಕಿಟ್ಟೆ. ಗೋಡೆಯಾಚೆ ಪಕ್ಕದ ಮನೆಯ ನೀಲವ್ವ ರೊಟ್ಟಿ ಬಡಿಯುತ್ತಿದ್ದರು. ಅವರ ಒಂದು ರೊಟ್ಟಿಗೆ ಹದಿನೈದು ಬಡಿತ ಸಾಕು, ನನ್ನದಕ್ಕೆ ಇಪ್ಪತ್ತೈದಾದರೂ ಬೇಕು. ಮದುವೆಯಾಗಿ ಹದಿಮೂರು ವರ್ಷವಾದರೂ ಆ ಹತ್ತು ಬಡಿತದ ಅಂತರ ಕಡಿಮೆಯಾಗಿರಲಿಲ್ಲ. ಮಗಳಿಗೆ ಜಡೆ ಹಾಕಿದೆ. ಕಾಲುವೆ ಓವರ್ಸಿಯರ್ ಆಗಿದ್ದ ನನ್ನ ಗಂಡ ರೇಡಿಯೋ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಂಡರು.

ಆರೂವರೆಗೆ ನೀಲವ್ವ ಹಿತ್ತಲ ಗೋಡೆಯ ಮೇಲಿಂದ ಇಣುಕಿದರು. ಅವರ ಗಂಡ ಇಲಾಖೆಯ ಜೀಪಿನ ಡ್ರೈವರ್. ನಮ್ಮ ಕಾಲೋನಿಯಲ್ಲಿ ಯಾವ ಮನೆಯಲ್ಲಿ ಏನು ಕುದಿಯುತ್ತಿದೆ ಎಂದು ಮೂಗಿನಿಂದಲೇ ಹೇಳುವ ಹೆಂಗಸು.

"ಅಕ್ಕಾರ, ಮಾನಾಮಿ ಬಂತಲ್ರಿ. ಇವತ್ತ ಎಲ್ಲಾರೂ ಕೌದಿ ಒಗ್ಯಾಕ ಕಾಲುವಿಗಿ ಹೊಂಟೇವಿ. ನಿಮ್ಮವೂ ಕೊಡ್ರಿ, ಕೂಡೇ ಒಕ್ಕೊಂಡ ಬರ್ತೀನಿ."

"ನಾಕ ಅದಾವ್ರಿ ನೀಲವ್ವಾರ. ನಿಮಗ ಭಾರ ಆಗ್ತದ."

"ಭಾರ ಆದ್ರ ನೀರಿಗಿ ಆಗ್ತದ, ನನಗೇನ್ ಆಗ್ತದ. ಕೊಡ್ರಿ ಸುಮ್ನ. ನಿಮಗ ಇವತ್ತ ಪರೀಕ್ಷಾ ಅದ ಅಂತ ನಮ್ಮನಿಯವ್ರು ಅಂದ್ರು."

ನಾಲ್ಕೂ ಕೌದಿಗಳನ್ನು ಹಳೆಯ ಚಾದರದಲ್ಲಿ ಗಂಟು ಕಟ್ಟಿ, ಮೇಲೆ ಸಾಬೂನಿನ ಬಾರು ಇಟ್ಟು ಗೋಡೆಯಾಚೆ ದಾಟಿಸಿದೆ. ಎಲ್ಲಕ್ಕಿಂತ ಮೇಲಿದ್ದದ್ದು ನಮ್ಮ ತಾಯಿ ಹೊಲಿದದ್ದು. ಗುಲಬರ್ಗಾದ ಕಾನ್ವೆಂಟಿನಲ್ಲಿ ನಾನು ಏಳು ವರ್ಷ ತೊಟ್ಟ ನೀಲಿ ಪಿನಾಫೋರ್‌ಗಳ ತುಂಡುಗಳನ್ನೆಲ್ಲ ಸೇರಿಸಿ ಮಾಡಿದ ಕೌದಿ. ಒಂದು ಮೂಲೆಯಲ್ಲಿ ಶಾಯಿ ಚೆಲ್ಲಿದ ಕಲೆ ಇನ್ನೂ ಇತ್ತು. ಗಂಟು ಆಚೆ ಬಿದ್ದ ಸದ್ದು ಕೇಳಿತು. ನಾನು ಒಳಗೆ ಬಂದು ಪರೀಕ್ಷೆಗೆ ಒಯ್ಯಬೇಕಾದ ತಂತಿಗಳನ್ನು ಎಣಿಸಿದೆ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಯಾದಗಿರಿಯಲ್ಲಿ ಮಿಕ್ಸರ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ವಾಸನೆ ಬಂತು. ಅಗರಬತ್ತಿಗೂ ಸುಟ್ಟ ಸಕ್ಕರೆಗೂ ನಡುವಿನ ವಾಸನೆ ಅದು. ಆ ಪರೀಕ್ಷೆಯ ವರ್ಷ ನನ್ನ ಸೀರೆಯ ಸೆರಗಿಗೆಲ್ಲ ಅದೇ ವಾಸನೆ ಇತ್ತು. ಅಂಗಡಿಯವನು "ಅರ್ಧಾ ತಾಸ್ ಆಗ್ತದ್ರಿ" ಎಂದ. ಆಗಲಿ ಎಂದು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಆಗ ನಾವು ಶಹಾಪುರದ ಹತ್ತಿರ ಕಾಲುವೆ ಕಾಲೋನಿಯಲ್ಲಿದ್ದೆವು. ಊರ ಹೊರಗಿನ ತಾಂತ್ರಿಕ ಶಾಲೆಯೊಂದರಲ್ಲಿ ಶನಿವಾರ, ಭಾನುವಾರ ಮಾತ್ರ ನಡೆಯುವ ಒಂದು ವರ್ಷದ ಕೋರ್ಸು ಇದೆಯೆಂದು ತಿಳಿಯಿತು. ಅದರ ಹೆಸರು, ತಾನಾಗಿ ನಡೆಯುವ ಗಣಕ ವ್ಯವಸ್ಥೆಗಳ ಯಂತ್ರಾಂಶ ಮತ್ತು ತಂತ್ರಾಂಶ ವಿನ್ಯಾಸ. ನನ್ನ ಗಂಡ ಅರ್ಜಿಯನ್ನು ಗಟ್ಟಿಯಾಗಿ ಓದಿ, "ಹೆಸರ ಹೇಳೂದ್ರಾಗ ಒಂದ್ ವಾರ ಹೋಗ್ತದ. ಕಲೀ, ಯಾರ್ ಬ್ಯಾಡ ಅಂದಾರ" ಎಂದು ಸಹಿ ಮಾಡಿದರು. ನಾನು ಬಿ.ಎಸ್ಸಿ. ಮುಗಿಸಿ ಸುಮ್ಮನೆ ಕುಳಿತವಳು. ಮಧ್ಯಾಹ್ನದ ಹೊತ್ತು ಉದ್ದವಾಗಿರುತ್ತಿತ್ತು. ಕಾರಣ ಅಷ್ಟೇ.

ತರಗತಿಯಲ್ಲಿ ಹನ್ನೊಂದು ಜನ, ಅದರಲ್ಲಿ ಇಬ್ಬರು ಹೆಂಗಸರು. ಇನ್ನೊಬ್ಬಳು ಸುರಪುರದ ರೇಣುಕಾ, ಪ್ರಾಥಮಿಕ ಶಾಲೆಯ ಮೇಷ್ಟರ ಮಗಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮೊದಲ ಬಸ್ಸಿಗೆ ಬರುತ್ತಿದ್ದಳು. ಸುರಪುರದ ಗುಡ್ಡದ ಗಾಳಿಗೆ ಕೆದರಿದ ಕೂದಲನ್ನು ತರಗತಿಯ ಬಾಗಿಲಲ್ಲೇ ಸರಿಮಾಡಿಕೊಳ್ಳುತ್ತಿದ್ದಳು. ಹಿಂದಿನ ವರ್ಷ ಅವಳ ಜೊತೆಗಾರ ಅರ್ಧದಲ್ಲೇ ಬಿಟ್ಟು ಹೋಗಿದ್ದರಿಂದ ಪ್ರಾಜೆಕ್ಟು ಮುಗಿಯದೆ ಫೇಲಾಗಿದ್ದಳು. ಇದು ಎರಡನೆಯ ಸಲ, ಕೊನೆಯದೂ ಹೌದು. ನಮ್ಮ ತಂಡವಾದ ಮೇಲೆ ಕೋರ್ಸನ್ನೇ ಮುಚ್ಚುವವರಿದ್ದರು. ಕಡೇಚೂರಿನ ಕಾರ್ಖಾನೆಯೊಂದು ಅವಳನ್ನು ಕಂಟ್ರೋಲ್ ರೂಮಿಗೆ ತೆಗೆದುಕೊಳ್ಳಲು ಒಪ್ಪಿತ್ತು. ದೀಪಾವಳಿಯೊಳಗೆ ಸರ್ಟಿಫಿಕೇಟು ತಂದರೆ ಮಾತ್ರ. ಆ ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಡಬ್ಬಿ ತೆರೆದಾಗಲೆಲ್ಲ ಅದು ಸ್ವಲ್ಪ ಮೇಲೆದ್ದು ಬರುತ್ತಿತ್ತು, ಅವಳು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಳು. ನಾನು ಫೇಲಾದರೆ ಮನೆಯಲ್ಲಿ ಯಾರಿಗೂ ಏನೂ ಆಗುವಂತಿರಲಿಲ್ಲ. ಅವಳ ಮಾತು ಹಾಗಲ್ಲ.

ಪಾಠ ಹೇಳುತ್ತಿದ್ದವರು ಖಾಜಾ ಸರ್. ಮೊದಲ ದಿನವೇ ಬೋರ್ಡಿನ ಮೇಲೆ ಏನೂ ಬರೆಯದೆ ಮಾತು ಶುರುಮಾಡಿದರು. "ಮೂರ ಕೆಲಸ ನೋಡ್ರಿ. ನೋಡಬೇಕು, ವಿಚಾರ ಮಾಡಬೇಕು, ಕೈ ಆಡಿಸಬೇಕು. ಮೂರೂ ತಾನ ಮಾಡ್ತು ಅಂದ್ರ ಅದು ನಮ್ಮ ಸಿಸ್ಟಮ್ಮು. ನಿಮ್ಮನಿ ಕುಕ್ಕರ್ ಅದಲ್ಲಾ, ಅದು ನೋಡಂಗಿಲ್ಲ, ವಿಚಾರ ಮಾಡಂಗಿಲ್ಲ, ಖಾಲಿ ಸೀಟಿ ಹೊಡೀತದ. ಅದು ದಡ್ಡ ಮಷೀನು."

ನಾನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಮಾರ್ಜಿನ್ ಎಳೆದು, 'ಕುಕ್ಕರ್: ದಡ್ಡ' ಎಂದು ಬರೆದುಕೊಂಡೆ. ಕಾನ್ವೆಂಟಿನ ರೂಢಿ.

ಪ್ರಾಜೆಕ್ಟಿಗೆ ನಾನೂ ರೇಣುಕಾನೂ ಜೊತೆಯಾದೆವು, ಏನು ಮಾಡುವುದೆಂದು ಬಹಳ ಹುಡುಕಲಿಲ್ಲ. ನಮ್ಮ ಕಾಲೋನಿಯ ಹಿಂದೆ ದೊಡ್ಡ ಕಾಲುವೆಯಿಂದ ಒಂದು ಸಣ್ಣ ಉಪಕಾಲುವೆ ಕವಲೊಡೆಯುತ್ತಿತ್ತು. ಅದರ ಬಾಯಿಗೆ ಕಬ್ಬಿಣದ ಗೇಟು. ಅದನ್ನು ಏರಿಸಿ ಇಳಿಸುತ್ತಿದ್ದ ಸಾಬಣ್ಣ ಆ ಬೇಸಿಗೆಯಲ್ಲಿ ನಿವೃತ್ತನಾಗಿ ತನ್ನ ಊರಿಗೆ ಹೋಗಿದ್ದ. ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ನನ್ನ ಗಂಡನೇ ದಿನಕ್ಕೆರಡು ಸಲ ಹೋಗಿ ತಿರುಗಿಸಿ ಬರುತ್ತಿದ್ದರು. ಹೆಂಡತಿ ಮಾಡುವ ಯಂತ್ರ ಅದನ್ನು ತಿರುಗಿಸುತ್ತದೆ ಎಂದರೆ ಅವರು ಬೇಡ ಎನ್ನುವ ಮಾತೇ ಇರಲಿಲ್ಲ.

ಗೇಟಿನಿಂದ ಹತ್ತು ಹೆಜ್ಜೆ ಕೆಳಗೆ, ನೀರಿನ ಮೇಲೆ ತೇಲಲು ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿದೆವು. ಅದಕ್ಕೊಂದು ತೋಳು. ತೋಳಿನ ತುದಿಗೆ ಹಳೆಯ ರೇಡಿಯೋದ ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ. ನೀರು ಏರಿದರೆ ಡಬ್ಬಿ ಏರಿ, ಗುಂಡಿ ತಿರುಗಿ, ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿದ್ದ ಕಂಪ್ಯೂಟರ್ ಚಿಪ್ಪಿಗೆ ವಿಷಯ ಮುಟ್ಟುತ್ತದೆ. ನೀರು ಹೆಚ್ಚಾಗಿದ್ದರೆ ಚಿಪ್ಪು ಗೇಟು ಇಳಿಸುತ್ತದೆ, ಕಡಿಮೆಯಾಗಿದ್ದರೆ ಏರಿಸುತ್ತದೆ. ಇಷ್ಟೇ ವಿಚಾರ. ಆದರೆ ಈ ಇಷ್ಟನ್ನು ಚಿಪ್ಪಿಗೆ ತಿಳಿಯುವ ಭಾಷೆಯಲ್ಲಿ ಬರೆಯಲು ನಮಗೆ ಇಡೀ ಮಳೆಗಾಲ ಹಿಡಿಯಿತು. ಒಂದು ಸಾಲು ತಪ್ಪಿದರೆ ಬರೆದದ್ದನ್ನೆಲ್ಲ ಅಳಿಸಬೇಕು. ಅಳಿಸಲು ಚಿಪ್ಪನ್ನು ನೇರಳೆ ದೀಪದ ಪೆಟ್ಟಿಗೆಯೊಳಗೆ ಇಪ್ಪತ್ತು ನಿಮಿಷ ಇಡಬೇಕು. "ಸರ್, ಹಪ್ಪಳ ಇಟ್ಟಂಗ ಮಾಳಿಗಿ ಮ್ಯಾಲ ಬಿಸಿಲಿಗಿ ಇಟ್ರ ಅಳಸಂಗಿಲ್ಲೇನ್ರಿ?" ಎಂದು ರೇಣುಕಾ ಕೇಳಿದ್ದಳು. "ಅಳಸ್ತದವ್ವಾ, ಮುಂದಿನ ಮಾನಾಮಿಗಿ" ಎಂದಿದ್ದರು ಖಾಜಾ ಸರ್.

ಗೇಟು ತಿರುಗಿಸುವ ಶಕ್ತಿ ಬಂದದ್ದು ಯಾದಗಿರಿಯ ಗುಜರಿಯಿಂದ. ಅಲ್ಲಿ ಒಂದು ಹಳೆಯ ಜೀಪು ಬಿಚ್ಚಿ ಹಾಕಿದ್ದರು. ಅದರ ಗಾಜು ಒರೆಸುವ ಮೋಟಾರು, ಬ್ಯಾಟರಿ ತಂದೆವು. ಸೈಕಲ್ ಚೈನಿನಿಂದ ಮೋಟಾರಿಗೂ ಗೇಟಿನ ತಿರುಪಿಗೂ ಸಂಬಂಧ ಕಟ್ಟಿದೆವು. ಗುಜರಿಯವನು ಬೇಡವೆಂದರೂ ಅದೇ ಜೀಪಿನ ಹಾರ್ನನ್ನು ಚೀಲಕ್ಕೆ ಹಾಕಿದ. ಅದು ನಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತ್ತು, ಮಗಳು ಅದರ ಬಾಯಲ್ಲಿ ಪೆನ್ಸಿಲ್ ಚೂರು ತುಂಬಿಡುತ್ತಿದ್ದಳು. ಮೋಟಾರು ಹುಚ್ಚೆದ್ದರೆ ನಿಲ್ಲಿಸಲು ಪೆಟ್ಟಿಗೆಯ ಅಡಿಯಲ್ಲಿ ಒಂದು ಗುಂಡಿಯನ್ನೂ ಇಟ್ಟೆವು. ಅದನ್ನು ಒತ್ತಿದರೆ ಚಿಪ್ಪು ಏನೇ ಹೇಳಲಿ, ಮೋಟಾರು ನಿಲ್ಲುತ್ತಿತ್ತು. ಗೇಟು ತಾನಾಗಿ ನಡೆಯಬೇಕಾದ ಪರೀಕ್ಷೆಯಲ್ಲಿ ಕೈಯಿಂದ ಒತ್ತುವ ಗುಂಡಿ ಕಾಣಬಾರದೆಂದು ಅಡಿಗೆ ಇಟ್ಟದ್ದು.

ಮೂರು ತಿಂಗಳು ನಾನು ದಿನಾ ಕಾಲುವೆಯ ದಂಡೆಗೆ ಹೋಗಿ ನೋಡಿದ್ದನ್ನು ಬರೆದಿಟ್ಟೆ. ನಾರಾಯಣಪುರದಲ್ಲಿ ನೀರು ಹೆಚ್ಚು ಬಿಟ್ಟಾಗ ನಮ್ಮಲ್ಲಿ ಬಣ್ಣ ಚಹಾದಂತಾಗುವುದು. ಜಾಲಿಯ ಎಲೆ ಡಬ್ಬಿಯ ತೋಳಿಗೆ ಸಿಕ್ಕಿಕೊಳ್ಳುವುದು. ಹಸ್ತಾ ಮಳೆಯ ಮರುದಿನ ನೀರು ನಾಲ್ಕು ಬೆರಳು ಏರುವುದು. ಕೊಕ್ಕರೆ ಡಬ್ಬಿಯ ಮೇಲೆ ಕುಳಿತರೆ ಅರ್ಧ ಬೆರಳು ಇಳಿಯುವುದು. ಇದೆಲ್ಲಕ್ಕೂ ರೇಣುಕಾ ಪ್ರೋಗ್ರಾಮಿನಲ್ಲಿ ಸಾಲು ಬರೆದಳು. "ಅಕ್ಕಾರ, ನೀವ್ ಕೊಕ್ಕರಿನೂ ಬಿಡಂಗಿಲ್ಲ" ಎಂದು ನಗುತ್ತಿದ್ದಳು. ನನಗೂ ಏನೂ ಬಿಟ್ಟಿಲ್ಲವೆಂದೇ ಅನಿಸಿತ್ತು. ಹಿಂದಿನ ವರ್ಷಗಳಲ್ಲಿ ಸಾಬಣ್ಣ ದಂಡೆಯ ಮೇಲೆ ನಿಂತು ಆಗಾಗ ಏನೋ ಕೂಗುತ್ತಿದ್ದದ್ದು ಮನೆಯೊಳಗೆ ಕೇಳಿಸುತ್ತಿತ್ತು. ಬಳೆಗಾರ ಕೂಗುತ್ತಾನೆ, ಪಾತ್ರೆಗೆ ಕಲಾಯಿ ಹಾಕುವವನು ಕೂಗುತ್ತಾನೆ, ಇವನೂ ಕೂಗುತ್ತಾನೆ. ನಾನು ಬರೆಯಲು ಕುಳಿತಾಗ ಅವನು ಇರಲಿಲ್ಲ, ಕೂಗೂ ಇರಲಿಲ್ಲ.

ಪರೀಕ್ಷೆ ಹನ್ನೊಂದಕ್ಕೆ. ಹೊರಗಿನಿಂದ ಬಂದ ಪರೀಕ್ಷಕರು ಮೈಸೂರು ಕಡೆಯವರು, ಕೊಡೆ ಹಿಡಿದಿದ್ದರು. ಮಳೆ ನಿಂತು ವಾರವಾಗಿತ್ತು. ಬಿಸಿಲಿಗೆ ದಂಡೆಯ ಮಣ್ಣು ಬಿರಿಯಲು ಶುರುವಾಗಿತ್ತು. ಆಚೆ ಹೊಲದಲ್ಲಿ ಹತ್ತಿಯ ಕಾಯಿ ಅಲ್ಲೊಂದು ಇಲ್ಲೊಂದು ಬಾಯಿಬಿಟ್ಟಿದ್ದವು. ರೇಣುಕಾ ಇಸ್ತ್ರಿ ಮಾಡಿದ ಬಿಳಿ ಓಢಣಿ ಹಾಕಿಕೊಂಡು ಬಂದಿದ್ದಳು. ಅದರ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಡುತ್ತಿದ್ದಳು.

ಸ್ವಿಚ್ಚು ಹಾಕಿದೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಡಬ್ಬಿ ಮೆಲ್ಲಗೆ ಏರಿತು. ಮೋಟಾರು ಗುರ್ರೆಂದಿತು, ಗೇಟು ಒಂದು ಸುತ್ತು ಇಳಿಯಿತು.

"ನೀರು ಯಾಕೆ ಏರ್ತು?" ಎಂದರು ಪರೀಕ್ಷಕರು.

"ಮ್ಯಾಲಿಂದ ಜಾಸ್ತಿ ಬಂದದ್ರಿ ಸರ್" ಎಂದಳು ರೇಣುಕಾ. ಖಾಜಾ ಸರ್ ತಲೆಯಾಡಿಸಿದರು.

ಆದರೆ ಡಬ್ಬಿ ಇಳಿಯಲಿಲ್ಲ, ಇನ್ನಷ್ಟು ಏರಿತು. ಮೋಟಾರು ಮತ್ತೆ ತಿರುಗಿತು, ಮತ್ತೆ ತಿರುಗಿತು. ಗೇಟು ಮುಕ್ಕಾಲು ಮುಚ್ಚಿತು. ಆಗ ಅರವತ್ತು ಹೆಜ್ಜೆ ಕೆಳಗಿನ ತಿರುವಿನಿಂದ ಹೆಂಗಸರ ಗದ್ದಲ ಕೇಳಿತು. ನಾನು ದಂಡೆಯ ಅಂಚಿಗೆ ಸರಿದು ನೋಡಿದೆ. ಎಂಟು ಹತ್ತು ಹೆಂಗಸರು ಸೀರೆ ಮೇಲೆ ಕಟ್ಟಿ ಕಾಲುವೆಯೊಳಗೆ ನಿಂತಿದ್ದರು. ನೆನೆಯಲಿ ಎಂದು ನೀರಿನ ಅಡ್ಡಕ್ಕೆ ಇಪ್ಪತ್ತು ಮೂವತ್ತು ಕೌದಿ ಹಾಸಿ, ಹೋಗದಂತೆ ಮೇಲೆ ಕಲ್ಲು ಹೇರಿದ್ದರು. ನೀರು ಕುಡಿದ ಕೌದಿ ಎಷ್ಟು ಭಾರವೆಂದು ಒಗೆದವರಿಗೆ ಗೊತ್ತು. ಒಡ್ಡಿನಂತೆ ನೀರನ್ನು ತಡೆದಿದ್ದವು. ಮೇಲೆ ನೀರು ಏರಿದ್ದು ಅದರಿಂದ. ಈಗ ಗೇಟು ಮುಚ್ಚಿ, ಅವರ ಕಾಲಡಿಯ ನೀರು ಒಣಗುತ್ತ ಬಂದಿತ್ತು. ಅವರು ಕಲ್ಲು ತೆಗೆದು ಕೌದಿಗಳನ್ನು ಒಂದು ಕಡೆ ಗುಡ್ಡೆ ಹಾಕತೊಡಗಿದರು.

ತಡೆ ಬಿಚ್ಚಿತು. ನಿಂತ ನೀರು ಒಮ್ಮೆಲೇ ಹರಿದುಹೋಯಿತು. ಡಬ್ಬಿ ಧಡಕ್ಕನೆ ಇಳಿಯಿತು. ನೀರು ಕಡಿಮೆಯಾಯಿತೆಂದು ತಿಳಿದ ಮೋಟಾರು ಗೇಟನ್ನು ಏರಿಸತೊಡಗಿತು. ಒಂದು ಸುತ್ತು, ಎರಡು ಸುತ್ತು, ಮೂರು.

ರೇಣುಕಾಗೆ ಅರ್ಥವಾಗಿತ್ತು. ಪೆಟ್ಟಿಗೆ ನನ್ನ ಕೈಗೆ ಹತ್ತಿರವಿತ್ತು. ಅವಳು ತುಟಿ ಆಡಿಸದೆ ಹೇಳಿದಳು, "ಅಕ್ಕಾರ, ಕೆಳಗಿನ ಗುಂಡಿ ಒತ್ರಿ. ಲಗೂನ."

ನನಗೆ ಕೇಳಿಸಿತು. ಒತ್ತಿದ್ದರೆ ಗೇಟು ಅಲ್ಲೇ ನಿಲ್ಲುತ್ತಿತ್ತು, ಪರೀಕ್ಷಕರು ಒಳ್ಳೆಯ ಯಂತ್ರವೆಂದುಕೊಂಡು ಹೋಗುತ್ತಿದ್ದರು. ನಾನು ಒತ್ತಲಿಲ್ಲ. ಪ್ರಾಮಾಣಿಕತೆಯಿಂದ ಎಂದು ಹೇಳಿಕೊಳ್ಳಲು ಇಷ್ಟವಿತ್ತು, ಆದರೆ ಹಾಗಿರಲಿಲ್ಲ. ತಿರುವಿನಲ್ಲಿ ನೀರು ನುಗ್ಗಿತ್ತು, ಗುಡ್ಡೆಯಿಂದ ಜಾರಿದ ನೀಲಿ ಕೌದಿಯೊಂದು ತೇಲುತ್ತ ಹೊರಟಿತ್ತು. ನಾನು ಅದನ್ನು ನೋಡುತ್ತಿದ್ದೆ.

"ಹಿಡೀರೆ! ಕೌದಿ ಹೊಂಟ್ವು, ಹಿಡೀರೆ!" ಎಂದು ಕಿರುಚುತ್ತ ಇಬ್ಬರು ನೀರಿನ ಜೊತೆಗೆ ಓಡಿದರು. ನೀಲವ್ವ ಮಾತ್ರ ದಂಡೆ ಹತ್ತಿ ನಮ್ಮ ಕಡೆಗೇ ಬಂದರು. "ಯಾವ ಭಾಡ್ಯಾ ಅದಾನಬೇ ಗೇಟಿನ್ಯಾಗ? ನೀರ ನಿಲ್ಸೂದೂ ಅವನ, ಬಿಡೂದೂ ಅವನ! ಕೈ ಸೇದಿ ಹೋಗ್ಲಿ..." ಅಷ್ಟರಲ್ಲಿ ನನ್ನನ್ನು ಕಂಡರು. "ಅಯ್ಯ, ಅಕ್ಕಾರ! ನೀವೇನ್ರಿ!"

ಪರೀಕ್ಷಕರು ಕೊಡೆಯನ್ನು ಹಿಂದಕ್ಕೆ ಸರಿಸಿ ಕೇಳಿದರು, "ಕೌದಿ ಅಂದ್ರೆ ಏನಮ್ಮ?"

"ಕೌದಿ ಗೊತ್ತಿಲ್ಲೇನ್ರಿ ಸಾಹೇಬ್ರಿಗಿ? ಮತ್ತ ಚಳ್ಯಾಗ ಏನ್ ಹೊಚ್ಕೋತೀರಿ?"

"ರಗ್ಗು."

"ನಿಮ್ಮನಿಯವ್ರು ಪುಣ್ಯ ಮಾಡ್ಯಾರ ಬಿಡ್ರಿ, ಒಗ್ಯೂದು ತಪ್ಪೇದ" ಎಂದು ನೀಲವ್ವ ಓಡಿದವರ ಹಿಂದೆ ಹೋದರು.

ರೇಣುಕಾ ಗಂಟಲು ಸರಿಮಾಡಿಕೊಂಡಳು. "ಸರ್, ರೇಡಿಯೋ ಗುಂಡ್ಯಾಗ ಸ್ವಲ್ಪ ಲೂಜ್ ಕನೆಕ್ಷನ್ ಆಗೇದ್ರಿ..." ಖಾಜಾ ಸರ್ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಇಲ್ಲ ಸರ್" ಎಂದೆ. "ಕನೆಕ್ಷನ್ ಸರಿ ಇದೆ. ನೀರು ಏರಿದ್ದು ಕೌದಿಗಳಿಂದ. ಅದರಲ್ಲಿ ನಾಲ್ಕು ನಮ್ಮ ಮನೆಯವು. ಬೆಳಿಗ್ಗೆ ನಾನೇ ಕಳಿಸಿದ್ದು."

ರೇಣುಕಾ ನನ್ನ ಕಡೆ ತಿರುಗಲಿಲ್ಲ. ಓಢಣಿಯ ತುದಿಯನ್ನು ಬೆರಳಿನಿಂದ ಬಿಚ್ಚಿ, ನೆಟ್ಟಗೆ ಮಾಡಿ, ಭುಜದ ಮೇಲೆ ಹಾಕಿಕೊಂಡಳು.

ಪರೀಕ್ಷಕರು ನೀರಿನ ಕಡೆಗೆ ಬೆರಳು ತೋರಿಸಿದರು. "ಗೇಟು ಮುಚ್ಚಿದ್ದೂ ನೀವು ಬರೆದ ಹಾಗೆ, ತೆಗೆದದ್ದೂ ನೀವು ಬರೆದ ಹಾಗೆ. ಬಟ್ಟೆ ಹೋದದ್ದು ಮಾತ್ರ ಅವರದು. ಇದನ್ನ ಪಾಸು ಅನ್ನಲೋ ಫೇಲು ಅನ್ನಲೋ?" ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. "ನಾಳೆ ಹತ್ತು ಗಂಟೆಗೆ ನನ್ನ ಬಸ್ಸು. ಅಷ್ಟರಲ್ಲಿ ಒಂದು ಪುಟ ಬರೆದು ತನ್ನಿ. ನೀರು ಏರಿದ್ದು ಯಾಕೆ ಅಂತ ಗೊತ್ತಾಗದೇ ಇದ್ದಾಗ ಈ ಪೆಟ್ಟಿಗೆ ಏನು ಮಾಡಬೇಕು? ಹೊಸ ಸಾಮಾನು ಕೊಳ್ಳೋ ಹಾಗಿಲ್ಲ. ಇರೋದರಲ್ಲೇ ಆಗಬೇಕು. ಬರೆದು ತಂದರೆ ನೋಡೋಣ."

ಆ ಪುಟವನ್ನು ಮರುದಿನ ಒಂಬತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲೇ ಕೊಟ್ಟೆವು. ಅವರು ನಿಂತೇ ಓದಿದರು. ಅದರಿಂದಲೇ ರೇಣುಕಾ ಪಾಸಾದಳು, ಅವಳ ಜೊತೆ ನಾನೂ ಆದೆ. ಕಡೇಚೂರಿನಲ್ಲಿ ಅವಳು ಈಗ ಕಂಟ್ರೋಲ್ ರೂಮಿನ ಮುಖ್ಯಸ್ಥೆ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಆದರೆ ಹಿಂದಿನ ಸಂಜೆ ಆರು ಗಂಟೆಯವರೆಗೆ ಆ ಪುಟದ ಮೇಲೆ ನಾನು ಎಳೆದ ಮಾರ್ಜಿನ್ ಬಿಟ್ಟರೆ ಏನೂ ಇರಲಿಲ್ಲ.

ರೇಣುಕಾ ಆ ದಿನ ಸುರಪುರಕ್ಕೆ ಹೋಗಲಿಲ್ಲ, ನಮ್ಮ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಂದೇ ಮಾತು ಆಡಿದಳು.

"ಗುಂಡಿ ಒತ್ತಿದ್ರ ಮುಗೀತಿತ್ರಿ ಅಕ್ಕಾರ."

"ಹೌದು" ಎಂದೆ. "ಪಲ್ಯ ಹಾಕಲಾ?"

"ಹಾಕ್ರಿ."

ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಕುಳಿತೆವು. ಕೌದಿಯ ಕೆಳಗೊಂದು, ಮೇಲೊಂದು, ಎರಡು ಡಬ್ಬಿ ಇಟ್ಟರೆ ತಡೆ ಎಲ್ಲಿದೆ ಎಂದು ತಿಳಿಯುತ್ತದೆ. ಆದರೆ ಇನ್ನೊಂದು ರೇಡಿಯೋ ಗುಂಡಿ ಬೇಕು, ಉದ್ದನೆಯ ತಂತಿ ಬೇಕು. ಅದು ಹೊಸ ಸಾಮಾನು. ಅವಳು ಕಾಟು ಹಾಕಿದಳು. ಮೋಟಾರನ್ನು ನಿಧಾನ ಮಾಡಿದರೆ? ಖರೇ ಪ್ರವಾಹ ಬಂದ ದಿನ ಗೇಟು ಮುಚ್ಚುವಷ್ಟರಲ್ಲಿ ಕೆಳಗಿನ ಹೊಲ ಮುಳುಗಿರುತ್ತದೆ. ಅದಕ್ಕೂ ಕಾಟು. ಆ ಹಾಳೆಯನ್ನು ಮಡಿಸಿಟ್ಟು, ಮಾರ್ಜಿನ್ ಎಳೆದ ಹೊಸದನ್ನು ಮುಂದಿಟ್ಟೆ. ಅವಳ ಕಂಪಾಸ್ ಡಬ್ಬಿ ತೆರೆದಿತ್ತು, ಕಾರ್ಖಾನೆಯ ಕಾಗದ ಮೇಲೆದ್ದಿತ್ತು. ಅವಳು ಅದನ್ನು ಒತ್ತಿ ಕೂರಿಸಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮಗಳು ಹಾರ್ನಿನ ಬಾಯಿಂದ ಪೆನ್ಸಿಲ್ ಚೂರು ಒಂದೊಂದೇ ಹೊರಗೆ ತೆಗೆಯುತ್ತಿದ್ದಳು.

ಆರಕ್ಕೆ ನೀಲವ್ವ ಬಂದರು. ಮೂರು ಕೌದಿಗಳನ್ನು ಆಗಲೇ ಗೋಡೆಯ ಮೇಲೆ ಹರವಿಯಾಗಿತ್ತು. ನಾಲ್ಕನೆಯದು, ನೀಲಿಯದು, ಎರಡು ಹೊಲ ದಾಟಿ ಮೋರಿಯ ಸರಳಿಗೆ ಸಿಕ್ಕಿತ್ತಂತೆ. ಒಂದು ಅಂಚು ಹರಿದಿತ್ತು. ಶಾಯಿಯ ಕಲೆ ಹಾಗೇ ಇತ್ತು. ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಹಿಂಡತೊಡಗಿದರು. ನೀರು ನಮ್ಮಿಬ್ಬರ ಕಾಲ ಮೇಲೆ ಸುರಿಯಿತು.

"ಏನ್ ಬರ್ಯಾಕತ್ತದ ಕೂಸು?" ಎಂದು ರೇಣುಕಾಳ ಕಡೆ ಗದ್ದ ತೋರಿಸಿದರು.

"ಏನಿಲ್ರಿ" ಎಂದಳು ರೇಣುಕಾ. "ಅಡ್ಡ ಬಂದದ್ದು ಕೌದಿ ಅಂತ ಆ ಡಬ್ಬಿಗಿ ಹೆಂಗ್ ಗೊತ್ತಾಗಬೇಕು, ಅದನ್ನ ಬರೀಬೇಕ್ರಿ. ತಿಳೀವಲ್ದು."

ನೀಲವ್ವ ಕೌದಿಗೆ ಇನ್ನೊಂದು ತಿರುವು ಕೊಟ್ಟರು.

"ಗೊತ್ತ ಯಾಕ ಆಗಬೇಕು? ಸಾಬಣ್ಣಗ ಏನ್ ಗೊತ್ತಾಗ್ತಿತ್ತು, ಆ ಮುದುಕಗ ಹತ್ ಮಾರು ಆಚಿ ಕಣ್ಣ ಕಾಣ್ತಿರಲಿಲ್ಲ. ಗೇಟ ಮುಚ್ಚೂಕಿನ ಮೊದಲ ದಂಡಿ ಮ್ಯಾಲ ನಿಂತು ಒಂದ್ ಕೂಗ ಹೊಡೀತಿದ್ದ. ನಾವು 'ತಡಿಯೋ ಸಾಬಣ್ಣ' ಅಂದ್ರ ಅಲ್ಲೇ ಕುಂತು ಬೀಡಿ ಸೇದ್ತಿದ್ದ, ಅಷ್ಟರಾಗ ನಮ್ಮ ಕೌದಿ ಮುಗೀತಿದ್ವು." ರೇಣುಕಾ ಕಿಟಕಿಯ ಕಟ್ಟೆಯ ಮೇಲಿಂದ ಹಾರ್ನು ತಂದು ಕಾಗದದ ಪಕ್ಕ ಇಟ್ಟುಕೊಂಡಳು. " ಜಗ್ರಿ ಅಕ್ಕಾರ ಗಟ್ಟಿ ಹಿಡದು, ಅರ್ಧಾ ಕಾಲುವಿ ಇನ್ನಾ ಇದರಾಗ ಅದ."